ಬೆಟ್ಟಕ್ಕೆ ಬಳಿದ ಕೆಂಪು

12 ಮಾರ್ಚ್ 2009, ಗುರುವಾರ

ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರಬಹುದು. ನಾಲ್ಕನೆಯ ತರಗತಿಯವರೆಗೆ ಕಲಿತ ಕೈ, ಪುಸ್ತಕವೇ, ಕ್ಷಮಿಸು.

ಆ ಬೆಟ್ಟ ತಲೆಯಿಂದ ಇಳಿಯುತ್ತಿಲ್ಲ. ನಮ್ಮ ಪೇಂಟಿಂಗ್ ಮೇಸ್ತ್ರಿ ಮ್ಯಾಕ್ಸಿಮಣ್ಣ ನಿನ್ನೆ ಊಟದ ಹೊತ್ತಿಗೆ ಹೇಳಿದ ಕತೆ. ಹಿಂದೆ ಚೀನಾದ ಚಕ್ರವರ್ತಿಯೊಬ್ಬ ನದಿ ದಾಟುವಾಗ ಬಿರುಗಾಳಿ ಅಡ್ಡ ಬಂತಂತೆ. ಇದು ಎದುರಿನ ಬೆಟ್ಟದ ದೇವತೆಯ ಕೆಲಸವೆಂದು ಸಿಟ್ಟಾಗಿ, ಮೂರು ಸಾವಿರ ಕೈದಿಗಳಿಂದ ಅಲ್ಲಿನ ಮರಗಳನ್ನೆಲ್ಲ ಕಡಿಸಿ, ಇಡೀ ಬೆಟ್ಟಕ್ಕೆ ಕೆಂಪು ಬಳಿಸಿದನಂತೆ. ಬೆಟ್ಟಕ್ಕೆ! ಇಲ್ಲಿ ಬಹರೈನಿನ ಅದ್ಲಿಯಾದ ಒಂದೇ ವಿಲ್ಲಾಕ್ಕೆ ನಾವು ಆರು ಜನ ಒಂಬತ್ತು ದಿನದಿಂದ ಬಳಿಯುತ್ತಿದ್ದೇವೆ. ಅಷ್ಟು ಬಣ್ಣವನ್ನು ಯಾವುದರಲ್ಲಿ ಕಲಸಿದರು? ತುದಿಯ ಬಂಡೆಗೆ ಹೇಗೆ ಹತ್ತಿದರು? ಬೇಡವೆನ್ನಲು ಒಬ್ಬನಿಗೂ ಬಾಯಿ ಬರಲಿಲ್ಲವೇ? ನನಗೂ ಬರುತ್ತಿರಲಿಲ್ಲ.

ಇವತ್ತು ಕೆಲಸ ಶುರುಮಾಡುವಾಗ ಎಸಿಯ ಹಿಂದೆ ಪಾರಿವಾಳದ ಗೂಡು ಕಂಡಿತು, ಎರಡು ಮರಿ.

"ತೆಗ್ದು ಬಿಸಾಡು. ಗೋಡೆ ಇವತ್ತೇ ಮುಗೀಬೇಕಂತೆ ಯಜಮಾನರಿಗೆ" ಎಂದರು ಅಣ್ಣ.

"ಮರಿ ಹಾರ್ಲಿ ಅಣ್ಣಾ, ಆಮೇಲೆ ಬಳಿತೇನೆ."

ಅಂದದ್ದು ನಾನೇ ಎಂದು ಈಗಲೂ ನಂಬಿಕೆಯಿಲ್ಲ.

"ಏನು ಮಾರಾಯ, ಚಕ್ರವರ್ತಿಗೇ ಎದುರು ಮಾತಾಡ್ತೀಯಾ?" ಅಣ್ಣ ನಕ್ಕರು. "ಯಜಮಾನರು ಕೇಳಿದ್ರೆ ನೀನೇ ಹೇಳ್ಬೇಕು."

ನಾಳೆ ಅವರು ಬರುತ್ತಾರೆ. ಕೆಲಸ ಹೋದರೂ ಹೋಗಬಹುದು. ಇವತ್ತು ಗೂಡಿನ ಸುತ್ತ ಒಂದು ಗೇಣು ಬಿಟ್ಟು, ಉಳಿದ ಗೋಡೆಗೆಲ್ಲ ಬಿಳಿ ಬಳಿದೆ.