ಅಪ್ಪನಿಗೆ ಹಚ್ಚಿದ ನಂಬರು

ದುಂಡಸಿ
ಗುರುವಾರ, ೧೪ ನವೆಂಬರ್ ೨೦೨೪

ಮಾಸೂರು ಸಂಸ್ಥಾನದ ಪಟ್ಟದರಸಿ, ಎರಡು ಎಮ್ಮೆ ಮತ್ತು ಒಬ್ಬ ಅತ್ತೆಯ ಏಕೈಕ ಒಡತಿ, ನನ್ನ ಅಕ್ಕ ನಾಗರತ್ನಾಳ ಸನ್ನಿಧಿಗೆ,

ತಮ್ಮ ಸುಭಾಸನ ದೀರ್ಘದಂಡ ನಮಸ್ಕಾರ. ಮೊಬೈಲಿನ ಕಾಲದಲ್ಲಿ ಇವನಿಗೆ ಕಾಗದ ಬರೆಯುವ ರೋಗ ಯಾವಾಗ ಹತ್ತಿತು ಅಂತ ನಗಬೇಡ. ಫೋನಿನಲ್ಲಿ ನಾನು ಹೇಳಿದ್ದನ್ನು ನೀನು ನಂಬುವುದಿಲ್ಲ. ಹೋದ ವರ್ಷ ತಹಶೀಲ್ದಾರರ ದನಿ ತೆಗೆದು, ನಿನ್ನ ಎಮ್ಮೆಗೆ ಜಿಲ್ಲಾ ಪ್ರಶಸ್ತಿ ಬಂದಿದೆಯೆಂದು ಹೇಳಿ, ಅದರ ಕೊಂಬಿಗೆ ಬಣ್ಣ ಹಚ್ಚಿಸಿದವನು ನಾನೇ ತಾನೆ? ಅದಕ್ಕೇ ಇದನ್ನು ಬರೆದು ಮುಬಶೀರನ ಕೈಯಲ್ಲಿ ಕೊಟ್ಟಿದ್ದೇನೆ. ಹಿರೇಕೆರೂರಿಗೆ ಕಾಯಿಪಲ್ಯದ ಗಾಡಿ ಹೊಡೆಯುವ ನನ್ನ ದೋಸ್ತ. ನೀನು ಓದಿ ಮುಗಿಸುವ ತನಕ ನಿಮ್ಮ ಅಂಗಳದಲ್ಲೇ ನಿಂತಿರುತ್ತಾನೆ. ಚಹಾ ಕೊಡು.

ಮೊದಲು ರಾಜಾಜ್ಞೆ ಕೇಳು. ಇಂದಿನಿಂದ ನಮ್ಮ ಅಪ್ಪ ಭರಮಪ್ಪ ಬುದ್ಧಿಗೆಟ್ಟವನಲ್ಲ. ಅವನ ನಂಬರು ಬದಲಾಗಿದೆ.

ನನ್ನ ನೌಕರಿ ಗೊತ್ತಲ್ಲ. ಹುಬ್ಬಳ್ಳಿಯ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕುಂತು, ಡಾಕ್ಟರು ಗೀಚಿದ್ದನ್ನು ಓದಿ, ಒಂದೊಂದು ರೋಗಕ್ಕೆ ಜಗತ್ತೆಲ್ಲ ಒಪ್ಪಿದ ಒಂದೊಂದು ನಂಬರು ಹಚ್ಚುವುದು. 'ದನಕ್ಕ ಮುದ್ರಿ ಒತ್ತಿದಂಗ' ಅಂತ ನೀನೇ ಅಂದಿದ್ದೆ. ಮೇ ತಿಂಗಳಲ್ಲಿ ಅಪ್ಪನಿಗೆ ಲಕ್ವಾ ಹೊಡೆದಾಗ ಬೇರೊಂದು ಆಸ್ಪತ್ರೆಗೆ ಹಾಕಿದ್ದೆವಲ್ಲ, ಅಲ್ಲಿ ಅವನಿಗೂ ಮುದ್ರೆ ಬಿತ್ತು. ಹೆಸರು ಕೇಳಿದರೆ 'ಸವಣೂರ' ಅಂದ. ವಯಸ್ಸು ಕೇಳಿದರೆ 'ಶಿಗ್ಗಾಂವ, ಹಾನಗಲ್ಲ' ಅಂದ. ಅವ್ವನನ್ನು ತೋರಿಸಿ ಇವರು ಯಾರು ಅಂದರೆ 'ಇಳೀರಿ, ಇಳೀರಿ, ಲಗೂ' ಅಂದ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರನಾಗಿ ಕೂಗಿದ್ದಷ್ಟೇ ನಾಲಿಗೆಯಲ್ಲಿ ಉಳಿದಿತ್ತು. ಅವರು ಎಫ್ ೦೩ ಅಂತ ಬರೆದರು. ಅಂದರೆ ಮರೆಗುಳಿತನ, ಬುದ್ಧಿಯೇ ಸವೆದಿದೆ ಅಂತ. ನಾವೂ ನಂಬಿ ಮನೆಗೆ ಕರೆತಂದೆವು.

ಜಡ್ಡಾದವರನ್ನು ಮಾತಾಡಿಸಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಬಾಳೆಹಣ್ಣು ಹಿಡಿದು ಬಂದವರು ಅಪ್ಪನನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ಮಾತಾಡಿಸಿದರು. ಪರಮೇಶ್ವರಪ್ಪ ಕಾಕಾ ಅಪ್ಪನ ಕಾಲ ಬಳಿಯೇ ಕುಂತು, 'ಬೇವಿನ ಗಿಡದ ಬಾಜೂಕ ತಗ್ಗು ತೋಡಿದ್ರ ಚಲೋ, ನೆಳ್ಳರೆ ಬೀಳತೈತಿ' ಅಂದ. ಅಪ್ಪ 'ಸವಣೂರ' ಅಂದ. 'ಅಷ್ಟ್ ದೂರ ಯಾಕೋ ಮಾರಾಯಾ, ನಮ್ಮ ಹೊಲದಾಗ' ಅಂದ ಕಾಕಾ. ಎಲ್ಲರೂ ನಕ್ಕೆವು.

ಮೊನ್ನೆ ಭಾನುವಾರ ನೀನು ಬಂದು ಹೋದ ಮೇಲೆ ಅಪ್ಪ ಬಾಯಿ ಮುಚ್ಚಿದ. ನುಚ್ಚು, ಗಂಜಿ, ಹಾಲು, ಯಾವುದಕ್ಕೂ ತೆರೆಯಲಿಲ್ಲ; ನೀರು ಮಾತ್ರ. ಮರೆವಿನವರು ಉಣ್ಣುವುದನ್ನೂ ಮರೆಯುತ್ತಾರೆ ಅಂತ ಓಣಿಯವರೆಲ್ಲ ಅಂದರು. ನಾನು ನನ್ನ ವಿದ್ಯೆ ತೋರಿಸಿದೆ. ತಲೆಗೆ ಟವೆಲ್ಲು ಸುತ್ತಿ ಡಿಪೋ ಮ್ಯಾನೇಜರನಾಗಿ ಬಂದು, 'ಭರಮಪ್ಪ, ಗಂಜಿ ಉಣದ ಶಿಸ್ತು ಮುರದೀರಿ, ನಿಮ್ಮನ್ನ ಸಸ್ಪೆಂಡ್ ಮಾಡೇವ್ರಿ' ಎಂದು ಓದಿದೆ. ಅಪ್ಪ ನಕ್ಕ. ಬಾಯಿ ತೆರೆದದ್ದೇ ಚಮಚ ಇಟ್ಟೆ. ನುಂಗಲಿಲ್ಲ. ಎಡಗೈಯಿಂದ ಬಾಯಿ ಒರೆಸಿಕೊಂಡು, ಅದೇ ಕೈಯಿಂದ ನನ್ನ ಕೆನ್ನೆ ಸವರಿದ. ನನಗೆ ಹೆದರಿಕೆಯಾಯಿತು. ಅದು ಬುದ್ಧಿ ಸವೆದವನ ಕೈ ಆಗಿರಲಿಲ್ಲ.

ನಿನ್ನೆ ಹುಬ್ಬಳ್ಳಿಗೆ ಕರೆದೊಯ್ದೆ. ನುಂಗುವುದನ್ನೂ ಮಾತನ್ನೂ ಪರೀಕ್ಷಿಸುವ ತರನ್ನುಮ ಮೇಡಂ, ಗಂಟಲಿಗೆ ಏನೂ ಆಗಿಲ್ಲ ಅಂದರು. ಆಮೇಲೆ ಅವನ ಮುಂದೆ ಬಾಚಣಿಕೆ, ಚಮಚ, ಕೀಲಿಕೈ ಹರಡಿ, 'ಬಾಯಿಂದ ಏನೂ ಹೇಳಬ್ಯಾಡ್ರಿ ಅಜ್ಜಾರ, ಬರೇ ತೋರಸ್ರಿ. ಬಾಗಲಾ ತಗಿಯೂದು ಯಾವುದ್ರಿ?' ಅಂದರು. ಅಪ್ಪ ಕೀಲಿಕೈ ಮುಟ್ಟಿದ. 'ನಿಮ್ಮ ಹೆಸರು ಸುಭಾಸೇನ್ರಿ?' ಇಲ್ಲವೆಂದು ತಲೆ ಅಲ್ಲಾಡಿಸಿದ. 'ಭರಮಪ್ಪ?' ಹೌದೆಂದು ಗೋಣು ಹಾಕಿದ. ಇಷ್ಟು ತಿಂಗಳಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ.

ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಆರ್ ೪೭.೦. ಬುದ್ಧಿ ಇದೆ, ಅಂದದ್ದು ತಿಳಿಯುತ್ತದೆ, ಮಾತು ಹೊರಗೆ ಬರುವ ದಾರಿಯಷ್ಟೇ ಕಡಿದಿದೆ. ಡಾಕ್ಟರು ಸಹಿ ಹಾಕಿದರು, ನಾನೇ ಕುಂತು ಹೊಸ ನಂಬರು ಹಚ್ಚಿದೆ. ಕುಣಿಯಬೇಕೆನ್ನಿಸಿತು. ಏಳುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಅಪ್ಪನಿಗೆ ತಿಳಿಯುತ್ತದೆ ಅಂದರೆ, ಇಷ್ಟು ದಿನ ನಾವು ಅಂದದ್ದೆಲ್ಲ ತಿಳಿದಿದೆ.

ಮೇಡಂ ಒಂದೊಂದೇ ಕೇಳಿದರು. ನೋಯುತ್ತದೆಯೇ? ಇಲ್ಲ. ಬೇಕಂತಲೇ ಉಣ್ಣುತ್ತಿಲ್ಲವೇ? ಹೌದು. ಯಾರಾದರೂ ಏನಾದರೂ ಅಂದರೇ? ಕಣ್ಣು ಮುಚ್ಚಿದ. ಬಂದವರ ಹೆಸರನ್ನೆಲ್ಲ ನಾನು ಹೇಳುತ್ತ ಹೋದೆ. ಕಾಕಾನ ಹೆಸರಿಗೆ ಇಲ್ಲವೆಂದ. ನಿನ್ನ ಹೆಸರಿಗೆ ಗೋಣು ಹಾಕಿದ.

ಅಕ್ಕ, ಕಾಗದ ಕೆಳಗಿಡಬೇಡ. ಭಾನುವಾರ ಅವ್ವ ಅಪ್ಪನ ಮಗ್ಗಲು ಹೊರಳಿಸುತ್ತ ಸೊಂಟ ಹಿಡಿದು ಕುಸಿದಳಲ್ಲ, ಆಗ ನೀನು ಅಂದೆ: 'ಅಪ್ಪ ಒಮ್ಮೆ ಹ್ವಾದ್ರ ನೀ ಪಾರಾಗ್ತಿ ಬೇ ಯವ್ವಾ. ಅವಗರೆ ಏನ್ ತಿಳೀತೈತಿ.' ಅವ್ವನ ಮೇಲಿನ ಸಂಕಟಕ್ಕೆ ಅಂದೆ. ಅದು ಅಪ್ಪನಿಗೂ ಗೊತ್ತು. 'ಮಗಳ ಮ್ಯಾಲೆ ಸಿಟ್ಟೇನ್ರಿ?' ಅಂತ ಮೇಡಂ ಕೇಳಿದರೆ ಇಲ್ಲವೆಂದ. 'ಮನ್ಯಾಗಿನವ್ರು ಪಾರಾಗ್ಲಿ ಅಂತೇನ್ರಿ?' ಅಂದಾಗ ಹೌದು, ಹೌದು ಅಂತ ಗೋಣು ಹಾಕುತ್ತಲೇ ಇದ್ದ.

ಮೂಗಿಗೆ ನಳಿಗೆ ಹಾಕಿದರು, ಕಿತ್ತೆಸೆದ. ಮತ್ತೆ ಹಾಕಿದರೆ ಕೈ ಕಟ್ಟಬೇಕು ಅಂದರು. ಅವನಿಗೆ ಉಳಿದದ್ದೇ ಒಂದು ಕೈ, ಕಟ್ಟಲು ಅವ್ವ ಬಿಡಲಿಲ್ಲ. ಮನೆಗೆ ತಂದೆವು. ನಾನು ಗೋಗರೆದರೆ ಇದೂ ಒಂದು ಸೋಗು ಅಂದುಕೊಂಡು ಅಪ್ಪ ನಗುತ್ತಾನೆ. ನನ್ನ ಇಷ್ಟು ವರ್ಷದ ಗಳಿಕೆ ಅದು. ನೀನು ಅಂದದ್ದನ್ನು ನೀನೇ ಬಂದು ಹಿಂದೆ ತಗೊಳ್ಳಬೇಕು. ಗಟ್ಟಿಯಾಗಿ ಕೂಗಬೇಡ, ಅವನಿಗೆ ಕಿವಿ ಚೆನ್ನಾಗಿವೆ. ಮುಬಶೀರನ ಗಾಡಿಯಲ್ಲೇ ಹತ್ತು.

ಈ ಸಲ ಖರೇ ಹೇಳುತ್ತಿರುವ ನಿನ್ನ ತಮ್ಮ,
ಸುಭಾಸ

ತಾ.ಕ.: ಕಾಗದ ಮಡಚುವ ಮುಂಚೆ ನೀರು ಕುಡಿಯಲು ಒಳಗೆ ಹೋದೆ. ಭಾನುವಾರ ನೀನು ಅವ್ವನಿಗೆಂದು ಬಡಿದಿಟ್ಟು ಹೋದ ರೊಟ್ಟಿ ಬುಟ್ಟಿಯಲ್ಲಿ ಹಾಗೇ ಇವೆ. ಅಪ್ಪ ಉಣ್ಣದೆ ಅವ್ವ ಎಂದೂ ಉಂಡವಳಲ್ಲ. ಅದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ ನೋಡು. ಕೇಳಿದರೆ 'ಚಾ ಕುಡದೇನೋ ಯಪ್ಪಾ, ಸಾಕು' ಅಂದಳು. ಇವನು ಯಾರನ್ನು ಪಾರು ಮಾಡಲು ಹೊರಟಿದ್ದಾನೋ ಅವಳೂ ಇವನ ಬೆನ್ನಿಗೇ ಹೊರಟಿದ್ದಾಳೆ. ಅಪ್ಪನಿಗೆ ಹೇಳೋಣವೆಂದು ಮಂಚದ ಹತ್ತಿರ ಹೋದೆ. ನನ್ನ ಮುಖ ಕಂಡದ್ದೇ ನಗಲು ತಯಾರಾದ. ನೀನು ಬಂದು ಹೇಳು.