ಸಾಲಿನ ಕೊನೆಯಲ್ಲಿ

ದೊಡ್ಡಮ್ಮ,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ; ಎದುರಿಗಿದ್ದಾಗ ನನಗೆ ಮಾತೇ ಹೊರಡುತ್ತಿರಲಿಲ್ಲವಲ್ಲ. ನೀನು ಹೋದ ಮೇಲೆ, ಕಾಡಿನ ಔಷಧಿ ಬೇರು ಅಗೆಯುವ ನಿನ್ನ ತಂಡವನ್ನು ನನಗೇ ಒಪ್ಪಿಸಿದ್ದಾರೆ. "ಪದ್ಯ ಓದ್ಕೊಂಡಿದ್ದೋಳ ಕೈಗೆ ಗುದ್ದಲಿ ಕೊಟ್ರಲ್ಲಪ್ಪಾ!" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ಇವತ್ತು ಮೇಲಿನ ಇಳಿಜಾರಿಗೆ ಹೋಗಿದ್ದೆವು. ನಿನ್ನಂತೆಯೇ ನಾನು ಎಲ್ಲರಿಗಿಂತ ಹಿಂದೆ ನಡೆದೆ. ಮುಂದಿರುವವರಿಗೆ ಸಿಕ್ಕಿದ್ದು ಕಾಣುತ್ತದೆ, ಉಳಿದದ್ದು ಕಾಣುವುದು ಕೊನೆಯವರಿಗೇ ಎಂದು ನೀನು ಹೇಳುತ್ತಿದ್ದೆ. ಬಂಡೆಯ ಮಗ್ಗುಲಲ್ಲಿ ಗಿಡಗಳು ದಟ್ಟವಾಗಿ ಬೆಳೆದಿದ್ದವು. ಬಾಯಿಬಡುಕ ಮಾವ ಆಗಲೇ ಗುದ್ದಲಿ ಎತ್ತಿದ್ದರು. ನಾನು ಒಂದು ಕಾಯಿ ಬಿಡಿಸಿ ನೋಡಿದೆ. ಬೀಜ ಇನ್ನೂ ಹಸಿರು. ಈಗ ಅಗೆದರೆ, ಬೇರು ತೆಗೆದ ಗುಂಡಿಗೆ ಮತ್ತೆ ಉದುರಿಸಲು ಬಲಿತ ಬೀಜವಿಲ್ಲ; ಅಲ್ಲಿಗೆ ಆ ಗಿಡಗಳ ವಂಶವೇ ಮುಗಿದಂತೆ.

"ಇವತ್ತು ಬೇಡ," ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

"ಯಾರದು, ಇರುವೆ ಮಾತಾಡಿದ್ದಾ?" ಎಂದರು ಮಾವ.

"ಬೇಡ ಅಂದೆ ಮಾವಾ! ಬೀಜ ಬಲಿತಿಲ್ಲ. ಗುದ್ದಲಿ ಇಳಿಸಿ."

ಎಲ್ಲರೂ ತಿರುಗಿ ನೋಡಿದರು. ಮಾವ ಗುದ್ದಲಿ ಇಳಿಸಿ ಕಿವಿ ಉಜ್ಜಿಕೊಂಡರು. "ನಡೀರಪ್ಪಾ, ದೊಡ್ಡಮ್ಮನ ಗಂಟಲು ಮಗಳಿಗೆ ಬಂದಿದೆ."

ಚೀಲಗಳು ಅರ್ಧವೂ ತುಂಬಿರಲಿಲ್ಲ. ಆದರೂ ಯಾರೂ ಗೊಣಗಲಿಲ್ಲ. ಅವರನ್ನು ಹಾಗೆ ಪಳಗಿಸಿದವಳು ನೀನು.

ಹಿಂತಿರುಗುವಾಗಲೂ ನಾನೇ ಕೊನೆ. ಮೊದಲೆಲ್ಲ ನನ್ನ ಬೆನ್ನ ಹಿಂದೆ ನಿನ್ನ ಚಪ್ಪಲಿಯ ಸದ್ದಿರುತ್ತಿತ್ತು. ತಿರುಗಿ ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಇವತ್ತು ತಿರುಗಿ ನೋಡಿದೆ. ಬಂಡೆಯ ಪಕ್ಕ ಗಿಡಗಳೆಲ್ಲ ಹಾಗೇ ನಿಂತಿದ್ದವು, ದೊಡ್ಡಮ್ಮ.