ಕಾಕಿ ಮರದ ಕೆಳಗೆ ಅತ್ತೆ

ತೊಚಿಹಾರಾ
ನವೆಂಬರ್ ೧೪, ಶುಕ್ರವಾರ

ಪ್ರೀತಿಯ ಸೆಯ್ಜೋ,

ನಿಮ್ಮ ಕೆಮ್ಮು ಹೇಗಿದೆ? ಅಕ್ಕಿ ಬೇಯಿಸುವ ಹಬೆಯಿಂದ ನೇರವಾಗಿ ಹೊರಗಿನ ಚಳಿಗೆ ಬರಬೇಡಿ. ಅಕ್ಕಿ ಮದ್ಯದ ಭಟ್ಟಿಯ ಮೇಸ್ತ್ರಿ ನಗುತ್ತಾರೆಂದು ನಾಚಿಕೊಳ್ಳದೆ ಅತ್ತೆ ಹೆಣೆದ ಉಣ್ಣೆಯ ಪಟ್ಟಿಯನ್ನು ಹೊಟ್ಟೆಗೆ ಕಟ್ಟಿಕೊಳ್ಳಿ. ಇಲ್ಲಿ ಮೂಲಂಗಿ ಉಪ್ಪಿಗೆ ಹಾಕಿಯಾಯಿತು. ಇದ್ದಿಲ ಗೂಡಿನ ಬಾಯನ್ನು ಪಕ್ಕದ ಮನೆಯ ತೊಕುಜಿ ಬಂದು ಮಣ್ಣು ಮೆತ್ತಿ ಮುಚ್ಚಿಕೊಟ್ಟರು. ಅತ್ತೆ ಆರೋಗ್ಯವಾಗಿದ್ದಾರೆ. ಅದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದಿ ನೀವು ಗಾಬರಿಯಾಗಬಾರದಲ್ಲ. ಮೊನ್ನೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅಂದೆ. ಅತ್ತೆ ಪಕ್ಕದಲ್ಲೇ ಕೂತಿದ್ದರು, ಬೇರೇನೂ ಹೇಳುವಂತಿರಲಿಲ್ಲ.

ಈ ವರ್ಷ ಬೆಟ್ಟದಲ್ಲಿ ಕರಡಿಗಳು ತಿನ್ನುವ ಬೀಚ್ ಮರದ ಕಾಯಿ ಬಿಟ್ಟೇ ಇಲ್ಲ. ನೀವು ಭಟ್ಟಿಗೆ ಹೊರಟ ವಾರದಲ್ಲೇ ಕೆಳಗಿನ ಊರಿಗೆ ಕರಡಿ ಇಳಿದಿತ್ತು. ಪಂಚಾಯಿತಿಯವರು ಮನೆಮನೆಗೆ ಬಂದು, ಅಂಗಳದ ಕಾಕಿ ಮರದ ಹಣ್ಣನ್ನೆಲ್ಲ ಇಳಿಸಿ, ಇಲ್ಲವೇ ಮರ ಕಡಿಯಿರಿ ಎಂದು ಹೇಳಿಹೋದರು. ಏಳು ಮನೆಯವರಲ್ಲಿ ಆರು ಮನೆಯವರು ಹಣ್ಣು ಇಳಿಸಿದರು. ನಿಮ್ಮ ತಾಯಿ ಮಾತ್ರ ಎಂದಿನಂತೆ ತುದಿಯ ಕೊಂಬೆಯಲ್ಲಿ ಏಳೆಂಟು ಹಣ್ಣು ಹಕ್ಕಿಗಳಿಗೆಂದು ಉಳಿಸಿದರು. ತೊಕುಜಿ ಬೇಲಿಯಾಚೆಯಿಂದ, "ಇನೆಯಮ್ಮಾ, ಇದು ಹಕ್ಕಿಗೆ ಅಂತ ಬೋರ್ಡ್ ಹಾಕಿಬಿಡಿ, ಕರಡಿ ಓದ್ಕೊಂಡು ವಾಪಸ್ ಹೋಗತ್ತೆ" ಅಂದರು. "ನೀನೇ ಕನ್ನಡಕ ಇಲ್ದೆ ಓದಲ್ಲ, ಕರಡಿ ಓದತ್ತೇನೋ?" ಅಂತ ಇವರು. ನಾನೂ ನಕ್ಕೆ. ನಾವು ಬೆಟ್ಟದಿಂದ ಸೊಪ್ಪು, ಅಣಬೆ, ಕಟ್ಟಿಗೆ ಎಲ್ಲ ತರುತ್ತೇವೆ, ಏಳು ಹಣ್ಣು ವಾಪಸ್ ಕೊಟ್ಟರೆ ಏನಾಯಿತು ಅಂದುಕೊಂಡೆ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಇರಬೇಕು. ನಾನು ಒಣಗಿಸುವ ಕೊಟ್ಟಿಗೆಯಲ್ಲಿ, ಸಿಪ್ಪೆ ಹೆರೆದ ಹಣ್ಣುಗಳನ್ನು ಹಗ್ಗಕ್ಕೆ ಕಟ್ಟುತ್ತಿದ್ದೆ. ಅತ್ತೆ ಹೊರಗೆ ಚಾಪೆಯ ಮೇಲೆ ಸಿಪ್ಪೆ ಹರಡುತ್ತಿದ್ದರು, ಮೂಲಂಗಿ ಉಪ್ಪಿನಕಾಯಿಗೆ ಬೇಕಲ್ಲ. ಯಾರೋ ಮೂಗು ಸೀಟಿದಂತಾಯಿತು. ಅತ್ತೆಗೇ ಶೀತವಾಯಿತೇನೋ ಎಂದು ತಲೆಯೆತ್ತಿದರೆ, ಬಾವಿಯ ಪಕ್ಕದ ಕುರುಚಲು ಬಿದಿರಿನೊಳಗಿಂದ ಕರಡಿ ಅಂಗಳಕ್ಕೆ ಬರುತ್ತಿತ್ತು. ನೀವು ದೂರದಿಂದ ತೋರಿಸಿದ್ದಿರಿ, ಆಗ ಅದೊಂದು ಕಪ್ಪು ಚುಕ್ಕೆ. ಹತ್ತಿರದಿಂದ ಅದಕ್ಕೆ ವಾಸನೆ ಇದೆ, ಒದ್ದೆ ನಾಯಿಯ ವಾಸನೆ, ಅದರ ಮೇಲೆ ಕೊಳೆತ ಎಲೆಯದು. ಅತ್ತೆಯಿಂದ ಹತ್ತು ಹೆಜ್ಜೆ ದೂರವಿರಬಹುದು.

ನಾನು ಒಳಗೆ, ಅತ್ತೆ ಹೊರಗೆ, ನಡುವೆ ಬಾಗಿಲು. ಹಲಗೆಯ ಸಂದಿನಲ್ಲಿ ಅವರ ನೀಲಿ ಕೋಟಿನ ಒಂದು ತೋಳು ಕಾಣುತ್ತಿತ್ತು. ಅವರು ಓಡಲಿಲ್ಲ. ಬೆನ್ನನ್ನು ಬಾಗಿಲಿಗೆ ಕೊಟ್ಟು ನಿಂತು ಮಾತಾಡತೊಡಗಿದರು, ನೆಂಟರ ಹತ್ತಿರ ಮಾತಾಡುವ ಹಾಗೆ. "ಬಂದ್ಯಾ? ಮೇಲೆ ಏನೂ ಸಿಗ್ಲಿಲ್ವಾ ಈ ಸಲ? ಇಲ್ಲೂ ಅಷ್ಟಕ್ಕಷ್ಟೇ ಕಣಪ್ಪ. ಇಬ್ರು ಹೆಂಗಸ್ರು, ಒಂದು ಪೀಪಾಯಿ ಮೂಲಂಗಿ. ನಾನಂತೂ ಬರೀ ಮೂಳೆ, ನಿನ್ನ ಹಲ್ಲಿಗೆ ದಂಡ. ಹಣ್ಣು ತಿನ್ಕೊಂಡು ಹೋಗು." ಮಾತು ನಡುಗಲಿಲ್ಲ, ಆದರೆ ನಿಲ್ಲಿಸಲೂ ಇಲ್ಲ. ಉಸಿರು ಸಾಲದೇ ಹೋದಾಗಲೂ "ಹೂಂ, ಹೂಂ" ಅನ್ನುತ್ತಿದ್ದರು. ಕರಡಿ ಮರ ಹತ್ತಿತು. ತೊಗಟೆ ಕಿತ್ತು ಬರುವ ಸದ್ದು, ಕೊಂಬೆ ಮುರಿದ ಸದ್ದು, ಚಪ್ಪರಿಸುವ ಸದ್ದು ಒಂದೊಂದಾಗಿ ಕೇಳಿದವು. ಎಷ್ಟು ಹೊತ್ತೋ. ಆಮೇಲೆ ಧೊಪ್ಪನೆ ಇಳಿದು ಬಂದ ದಾರಿಯಲ್ಲೇ ಹೋಯಿತು. "ಸುಮಿಯೆ, ತೆಗಿಯಮ್ಮ. ಹೋಯ್ತು" ಅಂದರು ಅತ್ತೆ. ತೆರೆದಾಗ ಅವರು ಹೊಸ್ತಿಲ ಮೇಲೆ ಕೂತರು. ಅಂಗೈಯಲ್ಲಿ ಸಿಪ್ಪೆ ಇನ್ನೂ ಹಾಗೇ ಇತ್ತು, ಹಿಂಡಿ ರಸ ಸುರಿಯುತ್ತಿತ್ತು.

ಊರೆಲ್ಲ ಬಂದು ಸೇರಿತು. ಅತ್ತೆ ಎಲ್ಲರಿಗೂ, "ನಾನೇ ಹೇಳ್ದೆ, ಬಾಗ್ಲು ಹಾಕ್ಕೋ ಅಂತ. ಇಬ್ರೂ ಯಾಕೆ ಸಾಯ್ಬೇಕು?" ಅಂದರು. ಮಾತು ಕೇಳಿದ ಸೊಸೆ ಎಂದು ಊರವರು ನನ್ನನ್ನು ಹೊಗಳಿದರು. ಮಾರನೆಯ ಬೆಳಿಗ್ಗೆ ಅತ್ತೆಯೇ ಏಣಿ ತಂದಿಟ್ಟು, ಉಳಿದ ಎರಡು ಹಣ್ಣನ್ನೂ ಇಳಿಸು ಅಂದರು. ನಾನು ಹತ್ತುವಾಗ ಅವರು ಮರದ ಕಡೆ ನೋಡದೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಬೋಳು ಮರದ ಮೇಲೆ ಹಕ್ಕಿ ಬಂದು ಕೂತು, ಸುತ್ತ ನೋಡಿ, ಹಾರಿಹೋಗುತ್ತದೆ.

ಇದ್ದಿಲ ಗೂಡಿನ ಹಿಂದೆ ನಿನ್ನೆ ಮತ್ತೆ ಹೆಜ್ಜೆ ಕಂಡಿದೆ. ನೀರಿಗೆ ಹೋಗುವಾಗ ಕರಡಿಗೆ ಕೇಳಲೆಂದು ಸೊಂಟಕ್ಕೆ ಎರಡು ಗಂಟೆ ಕಟ್ಟಿಕೊಳ್ಳುತ್ತೇನೆ, ಆದರೂ ಅವುಗಳ ಸದ್ದಿನಲ್ಲಿ ಬೇರೆ ಸದ್ದು ಕೇಳದೇ ಹೋದರೆ ಎಂದು ನಿಂತು ನಿಂತು ನಡೆಯುತ್ತೇನೆ. ನೀವು ಕೆಲಸ ಬಿಟ್ಟು ಬರಬೇಡಿ, ಮಧ್ಯದಲ್ಲಿ ಬಿಟ್ಟರೆ ಮುಂದಿನ ವರ್ಷ ಕರೆಯುವುದಿಲ್ಲ. ಹೊಟ್ಟೆ ಬೆಚ್ಚಗಿಟ್ಟುಕೊಳ್ಳಿ. ಭಟ್ಟಿಯಲ್ಲಿ ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ.

ನಿಮ್ಮ
ಸುಮಿಯೆ

ಮರೆತಿಲ್ಲ, ಬರೆಯಲು ಆಗಿರಲಿಲ್ಲ: ಅಂಚೆ ಗಾಡಿ ಕೆಳಗಿನ ತಿರುವಿನಲ್ಲಿದೆ, ಬೇಗ ಬರೆಯುತ್ತೇನೆ. ಬಾಗಿಲು ಹಾಕಿಕೋ ಎಂದು ಅತ್ತೆ ಹೇಳಲೇ ಇಲ್ಲ. ಕರಡಿಯನ್ನು ಕಂಡು ನನ್ನ ಕಡೆ ತಿರುಗಿ ಕೈ ಚಾಚಿ ಬಂದರು, ಬಾಗಿಲಿಗೆ ಐದು ಹೆಜ್ಜೆ ಇತ್ತು. ನಾನು ಬಾಗಿಲು ಎಳೆದು ಅಗುಳಿ ಹಾಕಿದೆ. ಅವರು ಒಮ್ಮೆ ದೂಡಿದರು. ನಾನು ಒಳಗಿನಿಂದ ಒತ್ತಿ ಹಿಡಿದೆ. ಆಮೇಲೆ ದೂಡಲಿಲ್ಲ. ಈ ಮೂರು ದಿನ ಅವರು ಒಂದು ಮಾತೂ ಕೇಳಿಲ್ಲ, ಮೀನಿನ ದೊಡ್ಡ ತುಂಡನ್ನು ನನ್ನ ಬಟ್ಟಲಿಗೇ ಹಾಕುತ್ತಾರೆ. ಕರಡಿಗಿಂತ ನನಗೆ ಆ ಬಟ್ಟಲಿನದೇ ಭಯ. ಇವತ್ತು ಊಟಕ್ಕೆ ಕೂತಾಗ ಅವರ ಕಾಲು ಹಿಡಿದು ನಾನೇ ಬಾಯಿಬಿಟ್ಟು ಹೇಳುತ್ತೇನೆ. ಕಾಗದ ಗಾಡಿ ಹತ್ತಿದ ಮೇಲೆ ನಾನು ಹಿಂದೆ ಸರಿಯುವಂತಿಲ್ಲ. ಅದಕ್ಕೇ ನಿಮಗೆ ಮೊದಲು ಬರೆದೆ.